ಬೆತ್ತಲೆ ಚಿತ್ರಕ್ಕೆ ಕೆಂಡವಾಗುವ ಮೊದಲು

ಹೆಣ್ಣೊಬ್ಬಳು ತನ್ನ ಮೈಯ ಫೋಟೊವನ್ನು ತಾನೇ ತೆಗೆದು ನಾಲ್ಕು ಜನರ ಮುಂದಿಟ್ಟರೆ ಶಿವಮೊಗ್ಗದ ಗೋಪಿ ಸರ್ಕಲ್ಲಿನಿಂದ ಭದ್ರಾವತಿಯ ನ್ಯೂಟೌನ್‌ವರೆಗೆ ಸಂಸ್ಕೃತಿಗೆ ಜ್ವರ ಬರುತ್ತದೆ. ಅದೇ ಹೆಣ್ಣಿನ ಫೋಟೊವನ್ನು ಅವಳಿಗೆ ಗೊತ್ತಿಲ್ಲದಂತೆ ಇನ್ಯಾರೋ ಹಂಚಿದರೆ ಜ್ವರವೂ ಇಲ್ಲ, ನೆಗಡಿಯೂ ಇಲ್ಲ; ಸದ್ದಿಲ್ಲದೆ ಫಾರ್ವರ್ಡ್ ಆಗುತ್ತದೆ. 2024ರ ಏಪ್ರಿಲ್‌ನಲ್ಲಿ, ಮತದಾನದ ಹೊಸ್ತಿಲಲ್ಲಿ, ಹೆಂಗಸರ ಖಾಸಗಿ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಾಸನದ ಬೀದಿಗೆ ಬಿದ್ದಾಗ ಆದದ್ದು ಇದೇ. ಆ ಹೆಂಗಸರ ಮುಖ ಮಸುಕು ಮಾಡುವಷ್ಟು ಮರ್ಯಾದೆಯೂ ಹಂಚಿದವರಿಗೆ ಇರಲಿಲ್ಲ. ಛೀ ಎಂದವರಲ್ಲಿ ಅನೇಕರು ಪೂರ್ತಿ ನೋಡಿ ಮುಗಿಸಿಯೇ ಛೀ ಎಂದರು.

ನಮ್ಮ ಸಿಟ್ಟು ವಿಳಾಸ ತಪ್ಪಿದೆ. ಚಿತ್ರದಲ್ಲಿ ಎಷ್ಟು ಮೈ ಕಾಣುತ್ತದೆ ಎಂದು ಅಳೆಯುವವರು ಅದನ್ನು ತೆಗೆಯಲು, ತೋರಿಸಲು ಒಪ್ಪಿದವರು ಯಾರು ಎಂದು ಕೇಳುವುದೇ ಇಲ್ಲ.

ಶಿವಮೊಗ್ಗ ಜಿಲ್ಲೆಗೆ ಈ ಜಗಳ ಹೊಸದೇನಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆಯುತ್ತಿದ್ದರು. ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಬಡ ಹೆಂಗಸರು. ನೋಡಲೆಂದೇ ಜನ ಬರುತ್ತಿದ್ದರು, ಕ್ಯಾಮೆರಾ ಹಿಡಿದವರೂ ಬರುತ್ತಿದ್ದರು. ಇದನ್ನು ನಿಲ್ಲಿಸಲು ಹೊರಟ ದಲಿತ ಸಂಘರ್ಷ ಸಮಿತಿಯ ಬೇರು ಇರುವುದು ಭದ್ರಾವತಿಯಲ್ಲಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಅಲ್ಲಿನ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. 1986ರ ಮಾರ್ಚ್‌ನ ಜಾತ್ರೆಯಲ್ಲಿ ಗುಂಪು ತಿರುಗಿಬಿತ್ತು. ತಡೆಯಲು ಹೋದ ಕಾರ್ಯಕರ್ತರ, ಪೊಲೀಸರ ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಬೆತ್ತಲೆ ಸೇವೆಗೆ ನಿಷೇಧ ಬಂತು.

ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಬರಹವೊಂದರಲ್ಲಿ ಕೇಳಿ ಸಾಕಷ್ಟು ಬೈಸಿಕೊಂಡರು. ಆ ವಿಚಾರದಲ್ಲಿ ನಾನು ಕೃಷ್ಣಪ್ಪನವರ ಕಡೆ. ದೇವಿಯ ಭಯದ ಜೊತೆ ಊರ ಭಯವನ್ನೂ ಹೊತ್ತವಳಿಗೆ ‘ಒಲ್ಲೆ’ ಎನ್ನುವ ದಾರಿ ಇರಲಿಲ್ಲ. ಆದರೆ ಆ ಬರಹದಲ್ಲಿ ಬರುವ ಒಂದು ಪ್ರಸಂಗ ನನ್ನನ್ನು ಬಿಟ್ಟಿಲ್ಲ. ರೈತನೊಬ್ಬ ಕುಂಕುಮ ಹಚ್ಚಿ ಪೂಜಿಸುತ್ತಿದ್ದ ಕಲ್ಲನ್ನು ಕಲಾವಿದನೊಬ್ಬ ಫೋಟೊಕ್ಕಾಗಿ ಬಿಸಿಲಿಗೆ ತರುತ್ತಾನೆ, ಮೈಲಿಗೆಯಾಯಿತೇನೋ ಎಂದು ಅಳುಕುತ್ತಾನೆ. ರೈತ ತಲೆ ಕೆಡಿಸಿಕೊಳ್ಳುವುದಿಲ್ಲ. ಬೇರೆ ಕಲ್ಲು ತಂದು ಕುಂಕುಮ ಹಚ್ಚಿದರೆ ಅವನಿಗೆ ಆಯಿತು. ಸರಿ, ಕಲ್ಲಿಗೆ ಬದಲಿ ಕಲ್ಲು ಸಿಗುತ್ತದೆ. ವರದೆಯ ದಂಡೆಯಲ್ಲಿ ಒದ್ದೆ ಮೈಯಲ್ಲಿ ನಿಂತವಳ ಚಿತ್ರ ಒಮ್ಮೆ ಅಚ್ಚಾದರೆ ಅವಳಿಗೆ ಏನು ಬದಲಿ ಕೊಡುತ್ತೀರಿ? ಬಡವರ ಮೈಯನ್ನು ‘ಹಸಿ ಸತ್ಯ’ವೆಂದು ಗ್ಯಾಲರಿಯ ಗೋಡೆಗೇರಿಸಿ ಬಂಡಾಯಗಾರರೆನಿಸಿಕೊಳ್ಳುವ ಛಾಯಾಗ್ರಾಹಕರನ್ನೂ ನಾನು ಆ ಜಾತ್ರೆಯ ನೋಡುಗರ ಸಾಲಿನಲ್ಲೇ ನಿಲ್ಲಿಸುತ್ತೇನೆ.

ಬಂಡಾಯ ಬೇರೆ ಕಡೆ ಇದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ಶತಮಾನದ ಆರಂಭದಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಕುರಿತ ಚಿತ್ರಸರಣಿ ಮಾಡಿದರು. ಬ್ರಿಟಿಷರು ಬುಡಕಟ್ಟಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆಗೆಂದು ತೆಗೆದ ಫೋಟೊಗಳ ಭಂಗಿಯಲ್ಲಿ ಪುಷ್ಪಮಾಲಾ ತಾವೇ ನಿಂತರು. ಅಳೆಯಲ್ಪಟ್ಟವಳ ಜಾಗಕ್ಕೆ ಆಟದ ನಿಯಮ ಬರೆಯುವವಳು ಬಂದಳು. ಕೋಣೆಯ ಬಾಗಿಲು ಹಾಕಿ, ಮೊಬೈಲನ್ನು ಪುಸ್ತಕಕ್ಕೆ ಆನಿಸಿ, ಹೆರಿಗೆಯ ಗೆರೆಗಳನ್ನೋ ಸುಟ್ಟ ಕಲೆಯನ್ನೋ ಮರೆಮಾಚದೆ ತೆಗೆದುಕೊಳ್ಳುವವಳೂ ತನ್ನ ಮಟ್ಟಿಗೆ ಅದನ್ನೇ ಮಾಡುತ್ತಾಳೆ. ಲೈಕಿಗಾಗಿ ಮಾಡುವವರಿಲ್ಲವೇ? ಇದ್ದಾರೆ. ಅದು ಅಭಿರುಚಿಯ ಚರ್ಚೆ, ಪೊಲೀಸರ ಕೆಲಸವಲ್ಲ.

ಇಷ್ಟು ಹೊತ್ತಿಗೆ ಯಾರಾದರೂ ಅಕ್ಕಮಹಾದೇವಿಯನ್ನು ಕರೆತರಬೇಕಿತ್ತು. ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಬೇಡ. ಶರಣೆಯಾದರೆ ಮಾತ್ರ ಮೈ ಅವಳದು ಎಂಬ ಷರತ್ತು ಆ ಸಮರ್ಥನೆಯಲ್ಲಿ ಅಡಗಿ ಕೂತಿದೆ.

ಇನ್ನು ಕಾನೂನು. ಐಟಿ ಕಾಯ್ದೆಯ 66ಇ ಕಲಮು ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವ ಅಥವಾ ಹಂಚುವವರಿಗೆ: ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 67ನೇ ಕಲಮು ‘ಅಶ್ಲೀಲ’ಕ್ಕೆ: ಮೊದಲ ಸಲಕ್ಕೇ ಮೂರು ವರ್ಷ, 5 ಲಕ್ಷ. 67ಎ ಇನ್ನೂ ಜೋರು: ಐದು ವರ್ಷ, 10 ಲಕ್ಷ. ಕೊನೆಯ ಎರಡೂ ಒಪ್ಪಿಗೆಯ ಮಾತೇ ಎತ್ತುವುದಿಲ್ಲ. ಕದ್ದು ಹಂಚಿದವರ ಮೇಲೂ ಅವನ್ನು ಹಾಕುತ್ತಾರೆ, ನಿಜ. ಆಗ ಮೋಸ ಹೋದವಳ ಚಿತ್ರಕ್ಕೇ ಅಶ್ಲೀಲವೆಂಬ ಮುದ್ರೆ ಬೀಳುತ್ತದೆ. ಬೆತ್ತಲೆಯಾದದ್ದೆಲ್ಲ ಅಶ್ಲೀಲವಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು, ಕೇರಳ ಹೈಕೋರ್ಟ್ 2023ರಲ್ಲಿ ಕಾರ್ಯಕರ್ತೆ ರೆಹಾನಾ ಫಾತಿಮಾ ಪ್ರಕರಣದಲ್ಲಿ ಹೇಳಿತು. ಆ ಮಾತು ಕೇಳಿಸಿಕೊಳ್ಳಲು ರೆಹಾನಾ ಕೋರ್ಟಿನಿಂದ ಕೋರ್ಟಿಗೆ ಅಲೆಯಬೇಕಾಯಿತು.

ಮಕ್ಕಳ ಚಿತ್ರಗಳ ಮಾತು ಬೇರೆ; ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳದು. ವಯಸ್ಕರ ವಿಷಯದಲ್ಲಿ ‘ಭಾವನೆಗೆ ಧಕ್ಕೆಯಾಗಿದೆ’ ಎಂದು ಮೂರನೆಯವರು ದೂರು ಹಿಡಿದು ಬಂದರೆ ಠಾಣೆಯಲ್ಲಿ ಮೊದಲು ಕೇಳಬೇಕಾದದ್ದು: ಚಿತ್ರದಲ್ಲಿರುವವರು ದೂರು ಕೊಟ್ಟಿದ್ದಾರೆಯೇ? ಇಲ್ಲವೆಂದರೆ ಆ ಅರ್ಜಿಯನ್ನು ಬದಿಗಿಟ್ಟು, ಸ್ವತಃ ಬಂದು ದೂರು ಕೊಟ್ಟು ಹೋದ ಹೆಂಗಸಿನ ಫೈಲು ಎಲ್ಲಿಗೆ ಬಂದಿದೆ ಎಂದು ನೋಡಲಿ.