ವಕೀಲರು ಯಾರ ಕಡೆಯವರು?

ತಿರ್ಲಾಪುರದ ಅಜ್ಜಿಯೊಬ್ಬರು ಎರಡು ವರ್ಷದ ಹಿಂದೆ, ತವರಿನಿಂದ ಅರಿಶಿನ ಕುಂಕುಮಕ್ಕೆ ಬಂದಿದ್ದ ಮೂರು ಎಕರೆ ಎರಿ ಹೊಲವನ್ನು ಹಿರಿಯ ಮಗನಿಗೆ ಬಕ್ಷೀಸ್ ಪತ್ರ ಮಾಡಿಕೊಟ್ಟರು. ವಕೀಲರನ್ನು ಗೊತ್ತು ಮಾಡಿದವನು ಮಗ. ಫೀ ಕೊಟ್ಟವನು ಮಗ. ಕಾರು ತಂದವನು ಮಗ. ಸಾಕ್ಷಿಗೆ ಬಂದ ಇಬ್ಬರೂ ಮಗನ ಗೆಳೆಯರು. ಅಜ್ಜಿಯದು ಅಂತ ಅಲ್ಲಿ ಇದ್ದದ್ದು ಹೆಬ್ಬೆಟ್ಟು ಒಂದೇ.

'ಏನ್ ಬರದಾರಂತ ಕೇಳಿದ್ರೇನಮ್ಮಾ?' ಅಂದೆವು. 'ಕೇಳಿದ್ನೋ ಯಪ್ಪಾ. ಸುಮ್ಮ ಒತ್ತಬೇ ಯವ್ವಾ, ವಕೀಲ್ರು ಎಲ್ಲಾ ನೋಡ್ಯಾರ ಅಂದ.'

ಈಗ ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದ್ದಾರೆ. ಬಿಪಿ ಗುಳಿಗೆಗೂ ಮಗಳ ಕಡೆ ಕೈಚಾಚಬೇಕು. ಒಂದು ದಿನ ಬಸ್ ಹತ್ತಿ ಅದೇ ವಕೀಲರ ಹತ್ತಿರ ಹೋದರು. ನಮ್ಮ ವಕೀಲರು, ಅವರೇ ದಾರಿ ತೋರಿಸುತ್ತಾರೆ ಎಂಬ ನಂಬಿಕೆಯಿಂದ. ವಕೀಲರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ಹೇಳಿದರು: 'ಯವ್ವಾ, ನಾ ನಿನ್ನ ಮಗನ ವಕೀಲ.'

ನಮ್ಮ ತಕರಾರು ಇರುವುದು ಈ ಒಂದು ಮಾತಿನ ಮೇಲೆ. ಅದು ಸುಳ್ಳಲ್ಲ. ಆದರೆ ಅದನ್ನು ಹೆಬ್ಬೆಟ್ಟು ಒತ್ತಿಸುವ ಮೊದಲು ಹೇಳಬೇಕಿತ್ತು.

ನಮ್ಮ ಕಡೆ ಮುಪ್ಪಿನವರ ಆಸ್ತಿ ಕಾಗದಕ್ಕೆ ವಕೀಲರನ್ನು ಆರಿಸುವವರು ಆಸ್ತಿ ಕೊಡುವವರಲ್ಲ, ತೆಗೆದುಕೊಳ್ಳುವವರು. ಎತ್ತು ಮಾರುವಾಗ ದಲ್ಲಾಳಿ ಯಾರ ಕಡೆಯವನು ಎಂದು ನೋಡುವ ರೈತ, ಹೊಲ ಬರೆದುಕೊಡುವಾಗ ಅದನ್ನು ಕೇಳುವುದಿಲ್ಲ. ಕೇಳಿದರೆ 'ಮಗನ ಮ್ಯಾಲೆ ನಂಬಿಕಿ ಇಲ್ಲೇನು?' ಎಂಬ ಪ್ರಶ್ನೆ ಎದುರಾಗುತ್ತದೆ. ನಾಲ್ಕು ಜನರ ಮುಂದೆ ಅದಕ್ಕೆ ಉತ್ತರಿಸುವ ಧೈರ್ಯ ಎಪ್ಪತ್ತು ದಾಟಿದವರಿಗೆ ಎಲ್ಲಿಂದ ಬರಬೇಕು? ಅಷ್ಟು ನಂಬಿಕೆಯವನಾದರೆ, 'ತಾಯಿಗೆ ಅನ್ನ, ಔಷಧಿ ನೋಡಿಕೊಳ್ಳುತ್ತೇನೆ' ಎಂಬ ಒಂದು ಸಾಲು ಬರೆಸಲು ಮಗನಿಗೆ ಏನು ತೊಂದರೆ?

ಆ ಒಂದು ಸಾಲಿನ ಬೆಲೆ ಎಷ್ಟು ಎಂದು ಸುಪ್ರೀಂ ಕೋರ್ಟಿನ ಎರಡು ತೀರ್ಪು ಹೇಳುತ್ತವೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣದ ಕಾಯ್ದೆ ಬಂದದ್ದು 2007ರಲ್ಲಿ. ಅದರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದಿದ್ದರೆ, ಆ ಬರವಣಿಗೆಯನ್ನು ನ್ಯಾಯಮಂಡಳಿ ಅನೂರ್ಜಿತ ಮಾಡಬಹುದು. ಷರತ್ತಿನ ಮೇಲೆ ಎಂಬುದನ್ನು ಇನ್ನೊಮ್ಮೆ ಓದಿ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ, ಹಕ್ಕು ಬಿಟ್ಟುಕೊಟ್ಟಿದ್ದ ತಾಯಿಗೆ ಆಸ್ತಿ ಮರಳಲಿಲ್ಲ. ಅಂಥ ಷರತ್ತು ಇತ್ತು ಎಂಬುದನ್ನು ತೋರಿಸಿಲ್ಲ ಎಂದಿತು ಕೋರ್ಟ್. 2025ರ ಜನವರಿ 2ರಂದು ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ತಾಯಿಗೆ ಆಸ್ತಿ ಮರಳಿತು. ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಆಸ್ತಿ ವಾಪಸ್ ಎಂಬ ವಚನಪತ್ರವೊಂದು ಆ ತಾಯಿಯ ಕೈಯಲ್ಲಿತ್ತು. ಈ ಕಾಯ್ದೆಯನ್ನು ವೃದ್ಧರ ಪರವಾಗಿ ಉದಾರವಾಗಿ ಓದಬೇಕು ಎಂದೂ ಕೋರ್ಟ್ ಹೇಳಿತು. ಇಬ್ಬರೂ ತಾಯಂದಿರೇ. ಒಬ್ಬರ ಹತ್ತಿರ ತೋರಿಸಲು ಕಾಗದವಿತ್ತು.

ನಾವು ಅಜ್ಜಿಯ ಪತ್ರದ ದೃಢೀಕೃತ ನಕಲು ತೆಗೆಸಿದೆವು. ಬಕ್ಷೀಸ್ ಪತ್ರದ ನಕಲನ್ನು ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಪಡೆಯಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಅವರ ಪಡಸಾಲೆಯಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆವು. ಚಕ್ಕುಬಂದಿ ಇದೆ, ಸರ್ವೆ ನಂಬರ್ ಇದೆ, 'ಪ್ರೀತಿ ವಾತ್ಸಲ್ಯದಿಂದ' ಎಂಬುದು ಎರಡು ಕಡೆ ಇದೆ. 'ಇದ್ರಾಗ ನನ್ನ ಊಟದ ಮಾತ ಎಲ್ಲೈತಿ?' ಎಂದರು ಅಜ್ಜಿ. ಇರಲಿಲ್ಲ.

ಕಾನೂನು ಬಲ್ಲ ಮನುಷ್ಯನಿಗೆ ಆ ಸಾಲು ಗೊತ್ತಿಲ್ಲದೆ ಬಿಟ್ಟುಹೋಯಿತು ಎಂದು ನಾವು ನಂಬಬೇಕೆ? ಕಾಯ್ದೆ ಬಂದು ಹದಿನೈದು ವರ್ಷ ದಾಟಿದ ಮೇಲೂ? ಗೊತ್ತಿಲ್ಲದೆ ಬಿಟ್ಟರೆ ಅದು ಕೆಲಸದಲ್ಲಿನ ಕೊರತೆ. ಗೊತ್ತಿದ್ದೂ ಬಿಟ್ಟರೆ, ಕಕ್ಷಿದಾರ ಮಗ ಎಂಬ ಕಾರಣಕ್ಕೆ. ಎರಡರಲ್ಲಿ ಯಾವುದಾದರೂ ಅಜ್ಜಿಗೆ ಆ ವಕೀಲರು ಸರಿಯಾದವರಾಗಿರಲಿಲ್ಲ. 'ಅವರೇ ಒಪ್ಪಿ ಒತ್ತ್ಯಾರಲ್ಲ' ಎನ್ನುವ ವಕೀಲ ಮಿತ್ರರು ನಮಗೂ ಇದ್ದಾರೆ. ಓದಲು ಬಾರದವರಿಗೆ ಓದಿ ಹೇಳದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನಾವು ತಯಾರಿಲ್ಲ.

ಪಟ್ಟಣಗಳಲ್ಲಿ ಈಗ 'ಎಸ್ಟೇಟ್ ಪ್ಲಾನಿಂಗ್' ಎಂಬ ಬೋರ್ಡು ಕಾಣುತ್ತದೆ. ನಮ್ಮ ಕಡೆ ಎಸ್ಟೇಟ್ ಎಂದರೆ ಚಿಕ್ಕಮಗಳೂರಿನ ಕಾಫಿ ತೋಟ. ಹಿರಿಯರ ಕಾನೂನು ಎಂಬ ಬೇರೆ ವಿಭಾಗ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇಲ್ಲ. ವಾಟ್ನಿ, ವಾರಸಾ, ಜೀವನಾಂಶ ನಡೆಸುವ ಸಿವಿಲ್ ವಕೀಲರೇ ಇದಕ್ಕೂ ವಕೀಲರು. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವಿದೆ. ಹಾಗಾಗಿ ಯಾರು ಒಳ್ಳೆಯವರು ಎಂಬುದು ಬಾಯಿಮಾತಿನಲ್ಲೇ ತಿಳಿಯಬೇಕು, ಆ ಬಾಯಿ ಹೆಚ್ಚಾಗಿ ಕಚೇರಿ ಮುಂದೆ ನಿಂತ ಏಜೆಂಟನದು. ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟಿನ ಆವರಣದಿಂದ ಹೊರಗಿಡಲು 2023ರಲ್ಲಿ ವಕೀಲರ ಕಾಯ್ದೆಗೆ ತಿದ್ದುಪಡಿಯೇ ಬಂತು.

ಬೋರ್ಡು ನೋಡಿ ಪ್ರಯೋಜನವಿಲ್ಲ, ಕೇಳಿ ನೋಡಬೇಕು. ನಾವಾದರೆ ಮೊದಲು ಕೇಳುವುದು: ನಿಮಗೆ ಫೀ ಕೊಡುವವರು ಯಾರು? ಕೊಡುವವನು ಮಗನಾದರೆ, ಎಷ್ಟೇ ಒಳ್ಳೆಯವರಾಗಿರಲಿ, ಅಜ್ಜಿಗೆ ಬೇರೆ ವಕೀಲರು ಬೇಕು. ಎರಡನೆಯದು, ಮಗನನ್ನು ಹೊರಗೆ ಕಳಿಸಿ ಹತ್ತು ನಿಮಿಷ ನನ್ನ ಜೊತೆ ಒಬ್ಬಳ ಜೊತೆಗೇ ಮಾತಾಡುತ್ತೀರಾ? ಇದಕ್ಕೆ 'ಯಾಕ, ಮಗನ ಮುಂದ ಮುಚ್ಚುಮರಿ ಏನೈತಿ' ಎನ್ನುವವರ ಕಚೇರಿಯಿಂದ ಎದ್ದು ಬರಬಹುದು. ಬರೆದದ್ದನ್ನು ಕನ್ನಡದಲ್ಲಿ ಪೂರ್ತಿ ಓದುತ್ತಾರೆಯೇ, ನೋಂದಣಿಗೆ ನಾಲ್ಕು ದಿನ ಮೊದಲು ಕರಡು ಮನೆಗೆ ಕೊಡುತ್ತಾರೆಯೇ, ಫೀಗೆ ರಸೀದಿ ಕೊಡುತ್ತಾರೆಯೇ, ಇವೂ ಕೇಳುವಂಥವೇ. 'ಕೇಸ್ ಗೆದ್ರ ಹೊಲದಾಗ ಇಷ್ಟು ಪಾಲು' ಎಂದು ಯಾರಾದರೂ ಅಂದರೆ ಮಾತು ಅಲ್ಲಿಗೇ ಮುಗಿಸಿ. ಫಲಿತಾಂಶದ ಮೇಲೆ ಫೀ ಗೊತ್ತು ಮಾಡುವುದನ್ನೂ, ಬರುವ ಆಸ್ತಿಯಲ್ಲಿ ಪಾಲು ಒಪ್ಪಿಕೊಳ್ಳುವುದನ್ನೂ ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. 'ಬಕ್ಷೀಸ್ ಪತ್ರ ಬೇಕೋ, ಮೃತ್ಯುಪತ್ರ ಸಾಕೋ' ಎಂದು ವಕೀಲರು ತಾವಾಗಿಯೇ ಕೇಳುತ್ತಾರೋ ಇಲ್ಲವೋ ನೋಡಿ. ಮೃತ್ಯುಪತ್ರ, ಅಂದರೆ ವಿಲ್, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೊನೆಯದು ನಡೆಯುತ್ತದೆ. ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು), ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಹೊಲ ಸಾಯುವ ತನಕ ನಿಮ್ಮ ಹೆಸರಿನಲ್ಲೇ ಇರುತ್ತದೆ. ಬಕ್ಷೀಸ್ ಪತ್ರ ನೋಂದಣಿಯಾದರೆ ಹೊಲ ಆವತ್ತೇ ಹೋಯಿತು, ಮನಸ್ಸು ಬದಲಾಯಿತೆಂದು ಹಿಂದೆ ತೆಗೆದುಕೊಳ್ಳುವಂತಿಲ್ಲ. ಮೋಸದಿಂದ ಬರೆಸಿಕೊಂಡರೆಂದು ಸಿವಿಲ್ ಕೋರ್ಟಿನಲ್ಲಿ ರದ್ದು ಕೇಳಲು, ಮೋಸ ಗೊತ್ತಾದಾಗಿನಿಂದ ಮೂರೇ ವರ್ಷ.

'ಉತಾರ ನನ್ನ ಹೆಸರಿಗೆ ಇಲ್ದಿದ್ರ ಸಾಲ ಹುಟ್ಟೂದಿಲ್ಲ, ಬೆಳೆ ವಿಮೆ ಬರೂದಿಲ್ಲ' ಎಂಬುದು ಮಕ್ಕಳ ವಾದ. ಅದರಲ್ಲಿ ಸತ್ಯವಿದೆ. ಹೆಸರು, ಕಡಲೆ ಬೆಳೆಯುವವನು ಮಗ, ಸೊಸೈಟಿಯಲ್ಲಿ ಸಾಲ ಸಿಗಬೇಕಾದದ್ದೂ ಅವನಿಗೆ. ಹಾಗಿದ್ದರೆ ಬರೆದುಕೊಡಲಿ, ಆದರೆ ಷರತ್ತು ಹಾಕಿ, ಜೀವವಿರುವ ತನಕ ಉತ್ಪನ್ನದಲ್ಲಿ ಹಕ್ಕು ಉಳಿಸಿಕೊಂಡು ಬರೆದುಕೊಡಲಿ. ಇನ್ನೊಂದು ಲೆಕ್ಕವನ್ನು ಮಕ್ಕಳಿಗೆ ಯಾವ ಏಜೆಂಟನೂ ಹೇಳುವುದಿಲ್ಲ. 2019ರ ಫೆಬ್ರುವರಿ 1ರ ನಂತರ ಹೊಲ ಹೆಸರಿಗೆ ಬಂದವರಿಗೆ ಪಿಎಂ ಕಿಸಾನ್ ಸಿಗಬೇಕಾದರೆ ಅದು ಖಾತೆದಾರರು ತೀರಿಕೊಂಡು ವಾರಸಾದಿಂದ ಬಂದಿರಬೇಕು. ಬಕ್ಷೀಸ್ ಮಾಡಿಸಿಕೊಂಡರೆ ತಾಯಿಗೆ ಬರುತ್ತಿದ್ದ ವರ್ಷದ ಆರು ಸಾವಿರ ನಿಲ್ಲುತ್ತದೆ, ಮಗನಿಗೂ ಬರುವುದಿಲ್ಲ.

ಸರ್ಕಾರದ ಮೇಲೂ ನಮ್ಮ ಸಿಟ್ಟಿದೆ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ತಂದೆ ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಕ್ಕಳ ಹೆಸರಿನ ಆಸ್ತಿ ವರ್ಗಾವಣೆ, ವಿಲ್ ರದ್ದಾಗಬೇಕು ಎಂದರು. ಬೆಳಗಾವಿಯ ಬಿಮ್ಸ್ ಒಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣ ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಕಾಳಜಿ ಸರಿ. ಆದರೆ ವಿಲ್ ರದ್ದು ಮಾಡಲು ಸಚಿವರು ಯಾಕೆ ಬೇಕು? ಬರೆದ ಅಜ್ಜನೇ ನಾಳೆ ಬೆಳಿಗ್ಗೆ ರದ್ದು ಮಾಡಬಹುದು. ರದ್ದಾಗಲು ಒದ್ದಾಡುವುದು ಷರತ್ತಿಲ್ಲದ ಬಕ್ಷೀಸ್ ಪತ್ರ. ಆ ಷರತ್ತನ್ನು ಬರೆಯುವ ದಿನವೇ ಹಾಕಿಸುವ ವ್ಯವಸ್ಥೆ ಯಾಕಿಲ್ಲ? ಅರವತ್ತು ದಾಟಿದವರು ಮಕ್ಕಳಿಗೆ ಬಕ್ಷೀಸ್ ಬರೆದುಕೊಡುವಾಗ 'ಪೋಷಣೆಯ ಷರತ್ತು ಬೇಕೇ, ಬೇಡವೇ' ಎಂದು ನೋಂದಣಿ ಅರ್ಜಿಯಲ್ಲೇ ಒಂದು ಕಾಲಂ ಇರಲಿ. ಬೇಡ ಎಂದರೆ ಅಧಿಕಾರಿ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಲಿ. ನೋಂದಣಿ ತಂತ್ರಾಂಶ ಕಾವೇರಿಯಲ್ಲಿ ಇದಕ್ಕೆ ಜಾಗ ಮಾಡುವುದು ದೊಡ್ಡ ಕೆಲಸವಲ್ಲ.

ಪತ್ರಿಕೋದ್ಯಮ ಕಲಿತ ನಾವೂ ಇದರಲ್ಲಿ ಪಾಲುದಾರರೇ. 'ಹೆತ್ತವ್ವ ಬೀದಿಪಾಲು' ಎಂದು ಶೀರ್ಷಿಕೆ ಕೊಡುತ್ತೇವೆ, ಕಣ್ಣೀರಿನ ಫೋಟೊ ಹಾಕುತ್ತೇವೆ, ಮಗನನ್ನು ಬೈಯುತ್ತೇವೆ. ಆ ಪತ್ರದಲ್ಲಿ ಏನು ಬರೆದಿತ್ತು, ಯಾರು ಬರೆದರು ಎಂದು ಒಂದು ಸಲವೂ ಕೇಳಿ ಬರೆದಿಲ್ಲ.

'ವಕೀಲರಿಗೆ ರೊಕ್ಕ ಎಲ್ಲಿಂದ ತರೂದು' ಎನ್ನುವವರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಕೇಸು ನಡೆಸುವುದಷ್ಟೇ ಅಲ್ಲ, ಸಲಹೆ ಕೊಡುವುದೂ ಆ ಕಾಯ್ದೆಯಲ್ಲಿ ಕಾನೂನು ಸೇವೆಯೇ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಹಿರಿಯರ ಸಹಾಯವಾಣಿ 14567. ನಡೆಯಲಾಗದವರ ಮನೆಗೇ ನೋಂದಣಿ ಅಧಿಕಾರಿ ಬರಲು ಕಾನೂನಿನಲ್ಲಿ ಅವಕಾಶವಿದೆ, ಹಾಗಾಗಿ ಮಗನ ಕಾರೇ ಗತಿ ಎಂದೇನಿಲ್ಲ.

ಇನ್ನೊಂದು ವಿಚಿತ್ರ ನೋಡಿ. 2007ರ ಕಾಯ್ದೆಯ 17ನೇ ಕಲಮು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ವಕೀಲರೇ ಬೇಡ ಎನ್ನುತ್ತದೆ. ಬಡ ಮುದುಕರ ಎದುರು ಮಕ್ಕಳು ದೊಡ್ಡ ವಕೀಲರನ್ನು ನಿಲ್ಲಿಸಬಾರದು ಎಂಬ ಒಳ್ಳೆಯ ಉದ್ದೇಶ ಅದರಲ್ಲಿ ಕಾಣುತ್ತದೆ. ಕೇರಳ ಹೈಕೋರ್ಟ್ 2021ರಲ್ಲಿ ಈ ನಿಷೇಧವನ್ನು ಒಪ್ಪಲಿಲ್ಲ, ಆ ವಾದ ಬೇರೆ. ನಮಗೆ ಮುಖ್ಯವಾದದ್ದು, ಜಗಳ ಬಂದ ದಿನ ಅಜ್ಜಿ ಒಬ್ಬರೇ ಹೋಗಿ ನಿಲ್ಲಬಹುದು, ಅರ್ಜಿಗೆ ಬಿಳಿ ಹಾಳೆ ಸಾಕು. ವಕೀಲರು ಬೇಕಾಗುವುದು ಬರೆಯುವ ದಿನ. ನಮ್ಮವರು ಬರೆಯುವ ದಿನ ಮಗನ ವಕೀಲರನ್ನು ನಂಬುತ್ತಾರೆ, ಜಗಳದ ದಿನ ತಮ್ಮ ವಕೀಲರನ್ನು ಹುಡುಕುತ್ತಾರೆ.

ಅಜ್ಜಿಯ ಅರ್ಜಿಯನ್ನು ಅವರ ಮಾತಿನಲ್ಲೇ ಬರೆದು ಧಾರವಾಡಕ್ಕೆ ಕೊಟ್ಟು ಬಂದಿದ್ದೇವೆ. ಜೀವನಾಂಶ ಬೇರೆ ಕೇಳಿದ್ದೇವೆ, ಅದಕ್ಕೆ ಷರತ್ತಿನ ಸಾಲು ಬೇಕಿಲ್ಲ. ಕಾಯ್ದೆ ಇಟ್ಟಿರುವ ಮಿತಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ. ಹೊಲದ ವಿಷಯಕ್ಕೆ, ಪತ್ರ ಮಾಡುವ ಹಿಂದಿನ ದಿನ ಮಗ 'ನಿನ್ನ ಕಡಿತನಕ ನೋಡ್ಕೊಂತೀನಿ' ಎಂದು ಕಟ್ಟೆಯ ಮೇಲೆ ಅಂದದ್ದನ್ನು ಕೇಳಿದ ಇಬ್ಬರು ಹಿರಿಯರಿದ್ದಾರೆ. ಒಬ್ಬರು ಬಂದು ಹೇಳುತ್ತೇನೆ ಎಂದಿದ್ದಾರೆ. ಇನ್ನೊಬ್ಬರು ಊರ ಉಸಾಬರಿ ಬೇಡ ಎನ್ನುತ್ತಿದ್ದಾರೆ. ಬರುವ ಸೋಮವಾರ ಅವರ ಮನೆಗೆ ಮತ್ತೊಮ್ಮೆ ಹೋಗುತ್ತೇವೆ.