ಹತ್ತದ ವಿಮಾನದ ತೆರಿಗೆ ನಮ್ಮದೇ ದುಡ್ಡು

"ನಾನ್-ರಿಫಂಡೆಬಲ್ ಟಿಕೆಟು. ಒಂದು ಪೈಸೆಯೂ ಬರಲ್ಲ."

ಟಿಕೆಟ್ ಮಾಡಿಕೊಟ್ಟ ಏಜೆಂಟ್ ಹೇಳಿದ್ದು ಇಷ್ಟೇ. ಉಮ್ಮನಿಗೆ ಮೊಣಕಾಲು ನೋವೆಂದು ಮಂಗಳೂರಿನ ಮದುವೆಗೆ ಬೆಂಗಳೂರಿನಿಂದ ವಿಮಾನದ ನಾಲ್ಕು ಟಿಕೆಟ್ ಮಾಡಿಸಿದ್ದೆ. ಹಿಂದಿನ ದಿನ ಉಮ್ಮ ಆಸ್ಪತ್ರೆ ಸೇರಿದರು. ಏಜೆಂಟನ ಮಾತು ನಂಬಿ ನಾನು ಸುಮ್ಮನಾದೆ. ನಾವೆಲ್ಲ ಹೀಗೆಯೇ ಸುಮ್ಮನಾಗುತ್ತೇವೆ. ಅದೇ ತಪ್ಪು.

ಮೂಕಂಡಪಲ್ಲಿಯ ನಮ್ಮ ಅಂಗಡಿಗೆ ಸಿಪ್ಕಾಟ್ ಕಾರ್ಖಾನೆಯ ಹುಡುಗರು ಬರುತ್ತಾರೆ. ಶಿಫ್ಟಿಗೆ ಹೋಗುವಾಗ ಮನೆ ಬಾಡಿಗೆಯನ್ನು ಉಪ್ಪನ ಕೈಗಿಟ್ಟು, "ಓನರ್ ಬಂದ್ರೆ ಕೊಡಿ" ಎನ್ನುತ್ತಾರೆ. ಓನರ್ ಬರದಿದ್ದರೆ ಆ ಹಣ ಉಪ್ಪನದಾಗುತ್ತದೆಯೇ? ಅದು ಅಮಾನತ್. ಕೊಟ್ಟವನಿಗೇ ವಾಪಸ್ ಹೋಗಬೇಕು.

ಟಿಕೆಟಿನಲ್ಲಿರುವ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಯುಡಿಎಫ್ ಕೂಡ ಇಂಥದ್ದೇ. ಕಂಪನಿ ಅದನ್ನು ಬೇರೆಯವರಿಗಾಗಿ ವಸೂಲಿ ಮಾಡುತ್ತದೆ. ನಾವು ಹಾರಲೇ ಇಲ್ಲವೆಂದ ಮೇಲೆ ಅದನ್ನು ಇಟ್ಟುಕೊಳ್ಳಲು ಯಾವ ಹಕ್ಕಿದೆ?

ಇದು ನನ್ನ ವಾದ ಮಾತ್ರವಲ್ಲ, ಡಿಜಿಸಿಎ ನಿಯಮ. 2016ರ ಆಗಸ್ಟ್ 1ರಿಂದ ಜಾರಿಯಾದ ಪರಿಷ್ಕೃತ ನಿಯಮದ ಪ್ರಕಾರ, ಟಿಕೆಟ್ ರದ್ದು ಮಾಡಿದರೂ, ಹೋಗದೇ ಉಳಿದರೂ ತೆರಿಗೆ ಮತ್ತು ಯುಡಿಎಫ್ ವಾಪಸ್ ಕೊಡಲೇಬೇಕು. ಆಫರ್ ಟಿಕೆಟಿಗೂ, ಮೂಲ ದರ ವಾಪಸ್ ಇಲ್ಲದ ಟಿಕೆಟಿಗೂ ಇದು ಅನ್ವಯ. ವಾಪಸ್ ಕೊಡುವುದಕ್ಕೆಂದು ಕಂಪನಿ ಬೇರೆ ಶುಲ್ಕ ಹಾಕುವಂತಿಲ್ಲ. ಏಜೆಂಟ್ ಮೂಲಕ ಕೊಂಡಿದ್ದರೂ ಹೊಣೆ ವಿಮಾನ ಕಂಪನಿಯದ್ದೇ.

ಒಂದು ಎಚ್ಚರ: ಇಂಧನ ಸರ್ಚಾರ್ಜ್ ತೆರಿಗೆಯಲ್ಲ, ಮೂಲ ದರದ ಜೊತೆ ಅದನ್ನೂ ಕಂಪನಿ ಹಿಡಿದುಕೊಳ್ಳಬಹುದು. ಗಲ್ಫಿನ ವಿದೇಶಿ ಕಂಪನಿಗಳಿಗೆ ಅವರ ದೇಶದ ನಿಯಮ. ಅಲ್ಲಿಯೂ ಕೇಳದೆ ಬಿಡಬೇಡಿ.

"ನಾಲ್ಕು ಕಾಸಿಗೆ ಯಾರು ಅಲೆಯುತ್ತಾರೆ?" ಎನ್ನುವವರಿದ್ದಾರೆ. ತಡವಾಗಿ ನಿಯಮ ಓದಿ, ಪಿಎನ್ಆರ್ ಹಾಕಿ ಕಂಪನಿಗೆ ಒಂದು ಮೇಲ್ ಬರೆದೆ. ಬಂದ ಹಣ ನಮ್ಮ ಅಂಗಡಿಯ ಎರಡು ದಿನದ ಲಾಭ. ಅಲೆದಾಟ ಎಲ್ಲಿದೆ? ಕೊಡದಿದ್ದರೆ ಸರ್ಕಾರದ ಏರ್‌ಸೇವಾ ಇದೆ, ಗ್ರಾಹಕರ ಸಹಾಯವಾಣಿ 1915 ಇದೆ.

ಸಂತೆಯಲ್ಲಿ ಮೀನಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನಾವು, ಕೋಟು ಹಾಕಿದವರು "ಇಲ್ಲ" ಎಂದ ಕೂಡಲೇ ತಲೆಯಾಡಿಸುತ್ತೇವೆ. ಗಲ್ಫಿನಲ್ಲಿ ಬೆವರು ಸುರಿಸಿ ದುಡಿದ ಹಣವಿದು. ಇವತ್ತೇ ಮನೆಯಲ್ಲಿರುವ ಹಳೆಯ ಟಿಕೆಟ್ ತೆಗೆದು ನೋಡಿ. ಕೇಳಿ.