ಜೀಪಿನ ಮುಳ್ಳು ಸುಳ್ಳು ಹೇಳಿದರೆ

ನಮ್ಮ ಎಸ್ಟೇಟುಗಳಲ್ಲಿ ಜೀಪು ಎಂದರೆ ಬರೀ ಗಾಡಿಯಲ್ಲ. ಬೆಳಿಗ್ಗೆ ಹೆಣ್ಣಾಳುಗಳನ್ನು ಮೇಲಿನ ಫೀಲ್ಡಿಗೆ ಕೊಂಡೊಯ್ಯುವುದು ಅದೇ. ರಾತ್ರಿ ಹೊತ್ತು ಲೈನಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೆ ಓಡುವುದೂ ಅದೇ. ಇಂಥ ಜೀಪುಗಳಲ್ಲಿ ಅನೇಕವು ನಮ್ಮ ಮಕ್ಕಳಿಗಿಂತ ವಯಸ್ಸಾದವು. ಮೊದಲು ಪೆಟ್ರೋಲ್ ಎಂಜಿನ್ ಇದ್ದದ್ದನ್ನು ಕಿತ್ತು, ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದವು. ಎಂಜಿನ್ ಒಂದು ಕಂಪೆನಿಯದು, ಮೀಟರ್ ಇನ್ನೊಂದರದು, ನಡುವಿನ ತಂತಿ ಯಾವ ಕಾಲದ್ದೋ ಯಾರಿಗೂ ತಿಳಿಯದು.

ಈ ಸಲ ಆ ತಂತಿಯ ವಿಷಯವನ್ನೇ ಬರೆಯುತ್ತೇವೆ. ಇದೇನು ಬರೆಯುವ ವಿಷಯವೇ ಎಂದು ಕೆಲವರು ನಗಬಹುದು. ನಗುವ ಮೊದಲು ನಾವು ಕಣ್ಣಾರೆ ಕಂಡದ್ದನ್ನು ಕೇಳಿ.

ಕೆಲವು ವರ್ಷಗಳ ಹಿಂದೆ, ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗನೊಬ್ಬನನ್ನು ಹಾಕಿಕೊಂಡು ಒಂದು ಜೀಪು ಘಾಟಿ ಹತ್ತುತ್ತಿತ್ತು. ನಾವೂ ಒಳಗಿದ್ದೆವು. ಉಷ್ಣದ ಮೀಟರಿನ ಮುಳ್ಳು ತಣ್ಣಗೆ ಎಡಮೂಲೆಯಲ್ಲೇ ಮಲಗಿತ್ತು. ಡ್ರೈವರ್ ಅದನ್ನು ನೋಡಿ ನಿಶ್ಚಿಂತೆಯಿಂದ ಎರಡನೇ ಗೇರಿನಲ್ಲಿ ಎಳೆಸುತ್ತಲೇ ಹೋದ. ಮೊದಲು ಸಿಹಿ ಸಿಹಿ ವಾಸನೆ ಬಂತು, ಆಮೇಲೆ ಬಾನೆಟ್ಟಿನಿಂದ ಆವಿ, ಆಮೇಲೆ ಒಂದು ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡು ನಿಂತೇ ಹೋಯಿತು. ಜೀಪು ಹಿಂದಕ್ಕೆ ಜಾರತೊಡಗಿದಾಗ ಇಬ್ಬರು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟದ್ದರಿಂದ ನಾವು ಉಳಿದೆವು. ಹುಡುಗನನ್ನು ಮೇಲಿನ ರಸ್ತೆಯವರೆಗೆ ಎತ್ತಿಕೊಂಡೇ ನಡೆದೆವು. ಅವನು ದಾರಿಯುದ್ದಕ್ಕೂ ಅಳಲಿಲ್ಲ. ನಮಗೇ ಅಳು ಬಂದಿತ್ತು.

ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಬಾಗಿತ್ತು. ಖರ್ಚನ್ನು ಡ್ರೈವರಿನ ಸಂಬಳದಲ್ಲಿ ಹಿಡಿಯುವುದಾಗಿ ಆಡಳಿತದವರು ಹೇಳಿದರು. 'ಮೀಟರ್ ನೋಡದೆ ಓಡಿಸಿದ' ಎಂಬುದು ಅವರ ಆರೋಪ. ಅವನು ನೋಡಿಯೇ ಓಡಿಸಿದ್ದ. ಅದೇ ಅವನ ದುರ್ದೈವ.

ಯೂನಿಯನ್ ಕಡೆಯಿಂದ ನಾವು ಹೋಗಿ ಬಾನೆಟ್ ಎತ್ತಿ ನೋಡಿದೆವು. ಎಂಜಿನ್ ಹೆಡ್ಡಿನಲ್ಲಿ ಹಿತ್ತಾಳೆಯ ಬೋಲ್ಟಿನಂಥ ಒಂದು ಸಣ್ಣ ಸಾಮಾನು ತಿರುಪಿರುತ್ತದೆ. ಅದಕ್ಕೆ ಸೆಂಡರ್ ಎನ್ನುತ್ತಾರೆ. ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಕಾದಷ್ಟೂ ಅದರೊಳಗಿನ ವಿದ್ಯುತ್ ತಡೆ ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ಮೀಟರಿಗೆ, ಮೀಟರಿನಿಂದ ಒಂದೇ ಒಂದು ತಂತಿಯಲ್ಲಿ ಸೆಂಡರಿಗೆ, ಸೆಂಡರಿನಿಂದ ಎಂಜಿನ್ ಮೈಗೆ ಕರೆಂಟು ಹರಿದು ಮುಳ್ಳು ಮೇಲೇಳುತ್ತದೆ. ನಮ್ಮ ಕಡೆ ಸಾಮಾನ್ಯವಾಗಿರುವ ಬಗೆ ಇದು. ಹಾಗಾದರೆ ತಂತಿ ಕಡಿದರೆ ಏನಾಗುತ್ತದೆ? ಕರೆಂಟು ಹರಿಯುವುದಿಲ್ಲ, ಮುಳ್ಳು ಏಳುವುದಿಲ್ಲ. ನೀರು ಕೊತಕೊತ ಕುದಿಯುತ್ತಿದ್ದರೂ ಮೀಟರ್ 'ತಂಪು' ಎನ್ನುತ್ತದೆ. ರೇಡಿಯೇಟರಿನ ನೀರು ಸೋರಿ ಸೆಂಡರಿನ ತುದಿ ಬರಿದಾದಾಗಲೂ ಹೀಗೆ ಕಡಿಮೆ ತೋರಿಸುವುದುಂಟು.

ಆ ಜೀಪಿನಲ್ಲಿ ತಂತಿಯನ್ನು ಎಂಜಿನ್ ಬದಲಿಸಿದ ದಿನ ಕೈಯಿಂದ ಹೊಸೆದು ಟೇಪು ಸುತ್ತಿದ್ದರು. ಹೊಸ ಎಂಜಿನ್ನಿನ ಸೈಲೆನ್ಸರ್ ಪೈಪು ತಂತಿಯ ಪಕ್ಕದಲ್ಲೇ ಹಾದುಹೋಗಿತ್ತು. ಬಿಸಿಗೆ ಟೇಪು ಕರಗಿ, ತಾಮ್ರ ಕರ್ರಗಾಗಿ, ಎಳೆಗಳು ಒಂದೊಂದಾಗಿ ಕಡಿದಿದ್ದವು. ಇದು ಒಂದು ದಿನದ ಕೆಲಸವಲ್ಲ, ತಿಂಗಳುಗಳ ಕೆಲಸ. ಇಷ್ಟು ದಿನ ಯಾರೂ ನೋಡಲಿಲ್ಲವೇಕೆ? ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಅದರ ವೈರಿಂಗ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ನಿಂತರೆ ರಿಪೇರಿಯಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ತಂತಿಯ ಹಂಗಿಲ್ಲದೆ ಓಡುತ್ತದೆ. ಆದ್ದರಿಂದ ವೈರಿಂಗನ್ನು ಕೇಳುವವರೇ ಇಲ್ಲ. ಸೀಟಿಗೆ ಹೊಸ ರೆಕ್ಸಿನ್, ಬಂಪರಿಗೆ ಬಣ್ಣ, ಎರಡು ಬಗೆಯ ಹಾರ್ನ್, ಇವಕ್ಕೆಲ್ಲ ದುಡ್ಡು ಹುಟ್ಟುತ್ತದೆ.

ಮಾಲೀಕರನ್ನು ಮಾತ್ರ ದೂರಿದರೆ ನ್ಯಾಯವಲ್ಲ. ನಮ್ಮ ಡ್ರೈವರುಗಳಲ್ಲಿ ಕೆಲವರು ಮುಳ್ಳು ಮೇಲೇರಿ ಕಾಟ ಕೊಡುತ್ತದೆಂದು ತಾವೇ ತಂತಿ ಕಿತ್ತು ಬಿಟ್ಟಿರುತ್ತಾರೆ. ಕೆಟ್ಟ ಮೀಟರ್ ಇಡುವುದಕ್ಕಿಂತ ಮೀಟರ್ ಇಲ್ಲದಿರುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಮೀಟರ್ ಇಲ್ಲದವನು ಮೂಗು ಕಿವಿ ತೆರೆದಿಟ್ಟುಕೊಂಡು, ತಿರುವಿಗೊಮ್ಮೆ ಯೋಚಿಸಿ ಓಡಿಸುತ್ತಾನೆ. ಸುಳ್ಳು ಮೀಟರನ್ನು ನಂಬಿದವನು ಕಣ್ಣಿದ್ದೂ ಕುರುಡ.

ಪರೀಕ್ಷೆ ಕಷ್ಟವಲ್ಲ. ಎಂಜಿನ್ ತಣ್ಣಗಿರುವಾಗ ಕೀಲಿ ತಿರುಗಿಸಿ, ಎಂಜಿನ್ ಹೊತ್ತಿಸಬೇಡಿ. ಸೆಂಡರಿನ ಮೇಲಿನ ತಂತಿ ಬಿಚ್ಚಿ ಅದರ ತುದಿಯನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಒಂದೆರಡು ಕ್ಷಣ ಮುಟ್ಟಿಸಿ. ಮುಳ್ಳು ಬಿಸಿಯ ಕಡೆಗೆ ಏಳತೊಡಗಿದರೆ ಮೀಟರೂ ತಂತಿಯೂ ಸರಿ, ಸಂಶಯ ಸೆಂಡರಿನ ಮೇಲೆ. ಮುಳ್ಳು ಪೂರ್ತಿ ಕೊನೆ ಮುಟ್ಟುವವರೆಗೆ ಹಿಡಿದಿರಬೇಡಿ, ಮೀಟರ್ ಸುಡುತ್ತದೆ. ಏಳದಿದ್ದರೆ ಅದೇ ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ ನೋಡಿ. ಆಗ ಎದ್ದರೆ ಎಂಜಿನ್ನಿಗೆ ಅರ್ತ್ ಇಲ್ಲ ಎಂದು ಅರ್ಥ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದನ್ನು ಚಾಸಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿಯನ್ನು ಎಂಜಿನ್ ಬದಲಿಸುವವರು ಮತ್ತೆ ಹಾಕಲು ಮರೆಯುವುದು ಬಹಳ. ಸ್ಟಾರ್ಟರ್ ಸೋಮಾರಿಯಾಗಿ ತಿರುಗುವುದೂ ಇದೇ ಕಾರಣದಿಂದ ಇರಬಹುದು. ಅಲ್ಲೂ ಏಳದಿದ್ದರೆ ಮೀಟರಿನ ಹಿಂದೆ ಹೋಗಿ ಸೆಂಡರ್ ತಂತಿಯ ಮೊಳೆಯನ್ನೇ ಅರ್ತ್ ಮಾಡಿ ನೋಡಬೇಕು. ಈಗ ಎದ್ದರೆ ನಡುವೆ ತಂತಿ ಕಡಿದಿದೆ. ಪೆಟ್ರೋಲ್ ಅಥವಾ ಡೀಸೆಲ್ ಮೀಟರೂ ಜೊತೆಗೇ ಕೆಟ್ಟಿದ್ದರೆ, ಎರಡಕ್ಕೂ ಕರೆಂಟು ಕೊಡುವ ಫ್ಯೂಸು ಅಥವಾ ಸ್ಟೆಬಿಲೈಜರ್ ಕಡೆ ನೋಡಿ.

ಕಡಿದ ತಂತಿಗೆ ಮತ್ತೆ ಟೇಪು ಸುತ್ತಬೇಡಿ. ಉದ್ದಕ್ಕೂ ಒಂದೇ ಹೊಸ ತಂತಿ ಎಳೆಯಿರಿ. ಡ್ಯಾಶಿನ ತಗಡು ದಾಟುವಲ್ಲಿ ರಬ್ಬರ್ ಬಳೆ ಇರಲಿ. ಸೈಲೆನ್ಸರಿನಿಂದ ಒಂದು ಗೇಣಾದರೂ ದೂರ ಕಟ್ಟಿ.

ಇಷ್ಟಾದರೂ ಎಂಜಿನ್ ಬದಲಿಸಿದ ಗಾಡಿಯಲ್ಲಿ ಇನ್ನೊಂದು ಮೋಸ ಉಳಿದಿರುತ್ತದೆ. ಹೊಸ ಎಂಜಿನ್ನಿನ ಸೆಂಡರಿಗೂ ಹಳೆಯ ಮೀಟರಿಗೂ ಲೆಕ್ಕ ಹೊಂದದೆ ಇರಬಹುದು. ಮುಳ್ಳು ಅಲ್ಲಾಡುತ್ತದೆ, ಹೇಳುವುದು ಮಾತ್ರ ತಪ್ಪು. ಮರೆ ಹೊಂದದೆ ನಡುವೆ ಹಿತ್ತಾಳೆಯ ಬುಶ್ ಹಾಕಿದ್ದರೆ ಸೆಂಡರಿನ ತುದಿ ನೀರನ್ನು ಸರಿಯಾಗಿ ಮುಟ್ಟದೆ ಕಡಿಮೆ ತೋರಿಸಲೂಬಹುದು. ಇದಕ್ಕೆ ಅಡುಗೆಮನೆಯ ಪಾತ್ರೆಯೇ ಸಾಕು. ತಣ್ಣನೆಯ ಎಂಜಿನ್ನಿನಿಂದ ಸೆಂಡರ್ ಬಿಚ್ಚಿ, ಅದರ ಮೈಯನ್ನು ಒಂದು ತುಂಡು ತಂತಿಯಿಂದ ಎಂಜಿನ್ನಿಗೆ ಜೋಡಿಸಿ, ಮೀಟರಿನ ತಂತಿಯನ್ನು ಅದರ ತಲೆಗೆ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಹಿಡಿಯಿರಿ. ಮುಳ್ಳು ನಿಂತಲ್ಲಿ ಗಾಜಿನ ಮೇಲೆ ಬಣ್ಣದ ಚುಕ್ಕೆ ಇಡಿ. ಬೆಟ್ಟದ ಮೇಲೆ ನೀರು ಬೇಗ ಕುದಿಯುವುದು ನಮ್ಮ ಹೆಂಗಸರಿಗೆ ಗೊತ್ತೇ ಇದೆ, ಬೇಳೆ ಬೇಯಲು ತಡವಾಗುವುದು ಅದಕ್ಕೇ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ನೀರು ಕುದಿಯುವುದು 92-93 ಡಿಗ್ರಿಗೆ, ಕೆಳಗೆ ಮೇಟ್ಟುಪಾಳ್ಯದಲ್ಲಿ 99ರ ಹತ್ತಿರಕ್ಕೆ. ಆದ್ದರಿಂದ ಮೇಲೆ ಇಟ್ಟ ಚುಕ್ಕೆ ನಮಗೆ ಒಳ್ಳೆಯದೇ, ಸ್ವಲ್ಪ ಮುಂಚೆಯೇ ಎಚ್ಚರಿಸುತ್ತದೆ. ಮುಳ್ಳು ಚುಕ್ಕೆ ದಾಟಿದರೆ ಗಾಡಿ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೇ ಹಾರುತ್ತದೆ.

ಇನ್ನು ಸಂಬಳದ ಮಾತು. ನಷ್ಟ ಕೆಲಸಗಾರನ ಸ್ವಂತ ಅಲಕ್ಷ್ಯದಿಂದ ಆಗಿದ್ದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ ಮಾತ್ರ, ಸಂಬಳದಲ್ಲಿ ಹಿಡಿಯಬಹುದೆಂದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ನಾವು ಆ ಕಡಿದ ತಂತಿಯನ್ನು ಒಂದು ಕಾಗದದಲ್ಲಿ ಸುತ್ತಿ ಆಫೀಸಿನ ಮೇಜಿನ ಮೇಲೆ ಇಟ್ಟೆವು. ಡ್ರೈವರ್ ತನ್ನ ಮಾತು ಹೇಳಿದ. ಎರಡು ವಾರ ಓಡಾಡಿದ ಮೇಲೆ ಕಡಿತ ನಿಂತಿತು. ಆದರೆ ಮೊದಲ ತಿಂಗಳು ಹಿಡಿದ ಹಣ ಇನ್ನೂ ಬಂದಿಲ್ಲ, ಕೇಳುತ್ತಲೇ ಇದ್ದೇವೆ.

ನಮ್ಮ ಡ್ರೈವರ್ ಬಂಧುಗಳು ಮೀಟರ್ ಕೆಟ್ಟದ್ದನ್ನು ಬಾಯಲ್ಲಿ ಹೇಳಿ ಸುಮ್ಮನಾಗಬಾರದು. ತಾರೀಖು ಹಾಕಿ ಗಾಡಿಯ ಲಾಗ್ ಪುಸ್ತಕದಲ್ಲಿ ಬರೆಯಿರಿ, ರೈಟರ ರುಜು ಕೇಳಿ. ರುಜು ಹಾಕದಿದ್ದರೆ ಅದನ್ನೂ ಬರೆಯಿರಿ. ಹಿಂದೆ ಕೂರುವ ನಮ್ಮ ತಾಯಂದಿರೂ ಘಾಟಿ ಹತ್ತುವ ಮುನ್ನ 'ಮುಳ್ಳು ಏಳುತ್ತಾ ತಮ್ಮಾ?' ಎಂದು ಒಮ್ಮೆ ಕೇಳಲಿ. ತಂತಿ ಎಳೆಯಲು ಗೊತ್ತಿಲ್ಲದವರು ಶನಿವಾರ ಸಂಜೆ ಜೀಪು ತಂದರೆ ನಾವು ಕೂಡಿ ಮಾಡೋಣ, ಪಾತ್ರೆ ಮತ್ತು ಸೌದೆ ನಮ್ಮದು.